ಹಿಮ್ಮಡಿಯ ಒಂದು ಹನಿ ರಕ್ತ

ಹುಟ್ಟಿದ ಮಗುವಿನ ಮೈಬಣ್ಣ, ಅಳುವಿನ ದನಿ, ಹಾಲು ಕುಡಿಯುವ ಚುರುಕು ಇವುಗಳನ್ನು ಕಂಡು ಮನೆಯ ಹಿರಿಯರು ಅದರ ಆರೋಗ್ಯವನ್ನು ಅಳೆಯುತ್ತಾರೆ. ಅನುಭವದಿಂದ ಬಂದ ಈ ಅಳತೆ ಬಹುಮಟ್ಟಿಗೆ ಸರಿಯಾದುದೇ. ಆದರೆ ಕೆಲವು ರೋಗಗಳು ಹೊರಗೆ ಯಾವ ಲಕ್ಷಣವನ್ನೂ ತೋರದೆ ಶಿಶುವಿನೊಡನೆಯೇ ಹುಟ್ಟಿ ಬರುತ್ತವೆ. ಮಗು ನಗುತ್ತ ಆಡುತ್ತ ಇರುವಾಗಲೇ ಒಳಗೆ ಅದರ ಮಿದುಳು ಕುಂದತೊಡಗುತ್ತದೆ. ಆ ಕುಂದು ಕಣ್ಣಿಗೆ ಬೀಳುವ ವೇಳೆಗೆ ಚಿಕಿತ್ಸೆಯ ಕಾಲ ಮೀರಿಹೋಗಿರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯ ಮಾತು ಇಲ್ಲಿ ನಿಜವಾಗುತ್ತದೆ.

ಇಂಥ ಒಂದು ರೋಗವನ್ನು 1934ರಲ್ಲಿ ನಾರ್ವೆ ದೇಶದ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಅವರು ಗುರುತಿಸಿದರು. ತನ್ನ ಇಬ್ಬರು ಮಕ್ಕಳ ಬುದ್ಧಿ ಬೆಳೆಯದಿರಲು ಕಾರಣವೇನೆಂದು ತಾಯಿಯೊಬ್ಬಳು ಪಟ್ಟುಹಿಡಿದು ಕೇಳಿದುದೇ ಆ ಶೋಧಕ್ಕೆ ಮೂಲವಾಯಿತು. ಆಹಾರದಲ್ಲಿರುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಈ ಮಕ್ಕಳ ದೇಹವು ಅರಗಿಸಿಕೊಳ್ಳಲಾರದು. ಅದು ರಕ್ತದಲ್ಲಿ ಸಂಗ್ರಹಗೊಂಡು ಮಿದುಳನ್ನು ಕೆಡಿಸುತ್ತದೆ. ಈ ರೋಗಕ್ಕೆ ಫಿನೈಲ್‌ಕೀಟೋನ್ಯೂರಿಯ ಎಂದು ಹೆಸರು. ಆ ಆಮ್ಲವು ಕಡಿಮೆ ಇರುವ ಪಥ್ಯದಿಂದ ಕೇಡನ್ನು ತಡೆಯಬಹುದೆಂಬುದು 1950ರ ದಶಕದಲ್ಲಿ ತಿಳಿದುಬಂದಿತು. ಆದರೆ ಹುಟ್ಟಿದ ಮೊದಲ ವಾರಗಳಲ್ಲಿಯೇ ಪಥ್ಯವನ್ನು ಆರಂಭಿಸಬೇಕು. ಸಾವಿರಾರು ಶಿಶುಗಳಲ್ಲಿ ರೋಗವಿರುವ ಒಂದನ್ನು ಹುಡುಕುವ ಬಗೆ ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಅಮೆರಿಕದ ರಾಬರ್ಟ್ ಗಥ್ರಿ. ಸ್ವಂತ ಮಗನ ಬುದ್ಧಿಮಾಂದ್ಯವೇ ಅವರನ್ನು ಈ ಕ್ಷೇತ್ರಕ್ಕೆ ಕರೆತಂದಿತ್ತು. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ, ಒಂದು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ, ಅಂಚೆಯ ಮೂಲಕವೇ ಪ್ರಯೋಗಶಾಲೆಗೆ ಕಳುಹಿಸುವ ಸುಲಭ ವಿಧಾನವನ್ನು ಅವರು 1960ರ ದಶಕದ ಆರಂಭದಲ್ಲಿ ರೂಪಿಸಿದರು. ಮುಂದೆ 1970ರ ದಶಕದಲ್ಲಿ ಥೈರಾಯ್ಡ್ ಗ್ರಂಥಿಯ ಜನ್ಮಜಾತ ಕೊರತೆಯನ್ನೂ ಅದೇ ಕಾಗದದಿಂದ ಪತ್ತೆಮಾಡುವುದು ಸಾಧ್ಯವಾಯಿತು. 1990ರ ದಶಕದಲ್ಲಿ ಬಳಕೆಗೆ ಬಂದ ಹೊಸ ಯಂತ್ರಗಳು ಒಂದೇ ಹನಿಯಲ್ಲಿ ಹತ್ತಾರು ರೋಗಗಳ ಸುಳಿವನ್ನು ತೋರಿದವು. ಇಂದು ಅಮೆರಿಕದಲ್ಲಿ ಪರೀಕ್ಷಿಸಬೇಕೆಂದು ಶಿಫಾರಸಾಗಿರುವ ರೋಗಗಳು 30ಕ್ಕೂ ಹೆಚ್ಚು.

ಪರೀಕ್ಷೆಯು ಸಾಧ್ಯವಿರುವ ಎಲ್ಲ ರೋಗಗಳನ್ನೂ ಪಟ್ಟಿಗೆ ಸೇರಿಸಬೇಕೆ ಎಂಬುದು ಈಗಿನ ಚರ್ಚೆ. ಸೇರಿಸಬೇಕೆನ್ನುವವರ ವಾದದಲ್ಲಿ ಬಲವಿದೆ. ಚಿಕಿತ್ಸೆಯಿಲ್ಲದ ರೋಗವಾದರೂ ಹೆಸರು ಬೇಗ ತಿಳಿದರೆ ತಂದೆತಾಯಿಗಳು ವರ್ಷಗಟ್ಟಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ; ಮುಂದಿನ ಮಗುವಿನ ವಿಷಯದಲ್ಲಿ ವೈದ್ಯರ ಸಲಹೆಯನ್ನು ಪಡೆಯಬಹುದು. ಆದರೆ ಮೊದಲ ಪರೀಕ್ಷೆ ಕೊಡುವುದು ಸಂಶಯವನ್ನು ಮಾತ್ರ. ನಿರ್ಣಯಕ್ಕೆ ಮತ್ತೊಂದು ಪರೀಕ್ಷೆ ಬೇಕು. ಅದಕ್ಕೆ ಏರ್ಪಾಡಿಲ್ಲದ ಕಡೆ ಆರೋಗ್ಯವಂತ ಮಗುವಿನ ತಾಯಿಯೂ ಕಾರಣವಿಲ್ಲದೆ ಕೊರಗಬೇಕಾಗುತ್ತದೆ. ಚಿಕಿತ್ಸೆಯೂ ಅದನ್ನು ಒದಗಿಸುವ ಸೌಕರ್ಯವೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1968ರಲ್ಲಿ ಪ್ರಕಟಿಸಿದ ತತ್ತ್ವಗಳು ಹೇಳುತ್ತವೆ. ಆ ವಿವೇಕ ಇಂದಿಗೂ ಹಳತಾಗಿಲ್ಲ.

ಈ ವಿವೇಕದಿಂದ ನೋಡಿದರೆ ಭಾರತದ ದಾರಿ ಸ್ಪಷ್ಟವಾಗುತ್ತದೆ. 1980ರ ದಶಕದಲ್ಲಿಯೇ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ವಿಜ್ಞಾನಿಗಳು ಪರೀಕ್ಷಿಸಿ, ಅಮೈನೋ ಆಮ್ಲಗಳ ದೋಷಗಳು ಇಲ್ಲಿಯೂ ಇವೆಯೆಂದು ತೋರಿಸಿಕೊಟ್ಟರು. ರಕ್ತಸಂಬಂಧದೊಳಗಿನ ಮದುವೆಗಳು ರೂಢಿಯಲ್ಲಿರುವ ನಾಡಿನಲ್ಲಿ ಇಂಥ ದೋಷಗಳ ಸಂಭವ ಹೆಚ್ಚು. ಕೇರಳವು ತನ್ನ ಸರಕಾರಿ ಆಸ್ಪತ್ರೆಗಳಲ್ಲಿ ಕೆಲವು ರೋಗಗಳ ಪರೀಕ್ಷೆಯನ್ನು ಕೈಗೊಂಡಿದೆ. ಆದರೂ ದೇಶದ ಪ್ರತಿಯೊಂದು ಶಿಶುವಿಗೂ ಈ ಪರೀಕ್ಷೆ ಇನ್ನೂ ದೊರೆಯುತ್ತಿಲ್ಲ. ಥೈರಾಯ್ಡ್ ಕೊರತೆ ಭಾರತದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕಿರುತ್ತದೆ. ಅದಕ್ಕೆ ಬೇಕಾದುದು ದಿನಕ್ಕೊಂದು ಅಗ್ಗದ ಮಾತ್ರೆ. ಅದನ್ನು ಮೊದಲ ವಾರಗಳಲ್ಲಿ ಕೊಟ್ಟರೆ ಮಗು ಎಲ್ಲರಂತೆ ಬೆಳೆದು ಶಾಲೆಗೆ ಹೋಗುತ್ತದೆ. ಕೊಡದಿದ್ದರೆ ಬಾಳೆಲ್ಲ ಪರಾಧೀನವಾಗಿ ಉಳಿಯುತ್ತದೆ. ವಿರಳ ರೋಗಗಳಿಗಾಗಿ 2021ರಲ್ಲಿ ರೂಪುಗೊಂಡ ರಾಷ್ಟ್ರೀಯ ನೀತಿಯ ಅನ್ವಯ ಈಗ ರೋಗಿಯೊಬ್ಬನಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುತ್ತದೆ. ಈ ನೆರವು ಅಗತ್ಯವಾದುದೇ. ಆದರೆ ಕೆಲವು ರೂಪಾಯಿಗಳ ಮಾತ್ರೆಯಿಂದ ಉಳಿಯಬಲ್ಲ ಮಗುವನ್ನು ಮೊದಲೇ ಗುರುತಿಸದೆ ಬಿಡುವುದು ನ್ಯಾಯವೆನಿಸದು.

ಆದುದರಿಂದ ಮೊದಲು, ಸುಲಭ ಚಿಕಿತ್ಸೆಯುಳ್ಳ ನಾಲ್ಕಾರು ರೋಗಗಳ ಪರೀಕ್ಷೆಯು ಜಿಲ್ಲಾ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಎಲ್ಲ ಹೆರಿಗೆಗಳಿಗೂ ತಲುಪಬೇಕು. ಪರೀಕ್ಷೆಯ ಫಲ ಬರುವಷ್ಟರಲ್ಲಿ ಬಾಣಂತಿಯು ತವರುಮನೆಗೆ ಹೋಗಿರುತ್ತಾಳೆ. ಕೆಲವು ತಿಂಗಳ ಮೇಲೆ ಗಂಡನ ಮನೆಗೆ ಹಿಂದಿರುಗುತ್ತಾಳೆ. ಎರಡೂ ಊರುಗಳ ವಿಳಾಸವನ್ನು ಬರೆದಿಟ್ಟುಕೊಂಡು, ಆಶಾ ಕಾರ್ಯಕರ್ತೆಯ ಮೂಲಕ ಆ ಮಗುವನ್ನು ಹುಡುಕಿ ಚಿಕಿತ್ಸೆಗೆ ಕರೆತರುವವರೆಗೆ ಕೆಲಸ ಮುಗಿದಂತಲ್ಲ. ಈ ವ್ಯವಸ್ಥೆ ನೆಲೆಗೊಂಡ ಮೇಲೆ, ಹೊಸ ಚಿಕಿತ್ಸೆಗಳು ಬಂದಂತೆ ಪಟ್ಟಿಯನ್ನು ಬೆಳೆಸುತ್ತ ಹೋಗಬೇಕು.

ಸಾವಿರಕ್ಕೊಂದು, ಲಕ್ಷಕ್ಕೊಂದು ಎಂಬುದು ಗಣಿತದ ಮಾತು. ಆ ಒಂದು ಮಗು ಹುಟ್ಟಿದ ಮನೆಗೆ ಅದೇ ಸರ್ವಸ್ವ. ಅದರ ಬಾಳನ್ನು ಉಳಿಸಬಲ್ಲ ತಿಳಿವಳಿಕೆ ಲೋಕದಲ್ಲಿ ಇರುವಾಗ, ಅದು ಯಾವ ಊರಿನಲ್ಲಿ, ಯಾರ ಮನೆಯಲ್ಲಿ ಹುಟ್ಟಿತೆಂಬ ಕಾರಣದಿಂದ ಅದಕ್ಕೆ ಆ ಲಾಭ ತಪ್ಪಬಾರದು.