ಆಸ್ಪತ್ರೆಯಲ್ಲಿ ಮಾತಿನ ಕೊರತೆ

ಆಸ್ಪತ್ರೆಗಳ ಅನಾಹುತಗಳ ವಿಷಯವಾಗಿ ಚರ್ಚೆ ಎದ್ದಾಗಲೆಲ್ಲ ಹಾಸಿಗೆಗಳು ಸಾಲವು, ಯಂತ್ರಗಳು ಕೆಟ್ಟಿವೆ, ವೈದ್ಯರ ಹುದ್ದೆಗಳು ಖಾಲಿಯಿವೆ ಎಂಬ ದೂರುಗಳೇ ಕೇಳಬರುತ್ತವೆ. ಅವುಗಳಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಆದರೆ ಹೆಚ್ಚಿನ ಹಣ ಬೇಡದೆಯೇ ನೀಗಬಹುದಾದ ಮತ್ತೊಂದು ಕೊರತೆಯುಂಟು. ರೋಗಿಯು ಹೇಳಿದುದು ವೈದ್ಯರಿಗೆ ತಿಳಿಯುವುದಿಲ್ಲ. ವೈದ್ಯರು ಹೇಳಿದುದು ರೋಗಿಗೆ ತಿಳಿಯುವುದಿಲ್ಲ. ಇದನ್ನು ಬರಿಯ ಸೌಜನ್ಯದ ಪ್ರಶ್ನೆಯೆಂದೆಣಿಸಿ, ಸಿಬ್ಬಂದಿಯವರು ನಗುಮುಖದಿಂದಿರಬೇಕೆಂದು ಸುತ್ತೋಲೆ ಹೊರಡಿಸಿ ಸುಮ್ಮನಾಗುವುದು ಮೇಲಧಿಕಾರಿಗಳ ರೂಢಿ. ನಮ್ಮ ಮತದಲ್ಲಿ ಇದು ಪ್ರಾಣದ ಪ್ರಶ್ನೆ.

1980ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಆಸ್ಪತ್ರೆಯೊಂದಕ್ಕೆ 18 ವರ್ಷದ ತರುಣನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಕರೆತಂದರು. ಮನೆಯವರ ಭಾಷೆ ಸ್ಪ್ಯಾನಿಷ್. ತಿಂದುದು ಒಗ್ಗದೆ ಹೀಗಾಗಿದೆ ಎಂಬರ್ಥದಲ್ಲಿ ಅವರು 'ಇಂತೊಕ್ಸಿಕಾದೊ' ಎಂದರು. ಇಂಗ್ಲಿಷಿನಲ್ಲಿ ಅಮಲೇರಿದವನಿಗೆ ಹೇಳುವ ಶಬ್ದವೂ ಸರಿಸುಮಾರು ಹಾಗೆಯೇ ಕೇಳಿಸುತ್ತದೆ. ಮಾದಕ ಪದಾರ್ಥದ ಅತಿಸೇವನೆಯೆಂದು ಚಿಕಿತ್ಸೆ ನಡೆಯಿತು. ನಿಜವಾಗಿ ಆಗಿದ್ದುದು ಮೆದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವ ವೇಳೆಗೆ ಕಾಲ ಮೀರಿ, ಆ ತರುಣನ ಕೈಕಾಲುಗಳು ನಾಲ್ಕೂ ಸ್ವಾಧೀನ ತಪ್ಪಿದವು. ಎರಡು ಕಡೆಯವರೂ ತಮಗೆ ಅರ್ಥವಾಯಿತೆಂದೇ ನಂಬಿದ್ದುದರಿಂದ ದುಭಾಷಿಯನ್ನು ಯಾರೂ ಕರೆಸಲಿಲ್ಲ.

ಇಂತಹ ಶಬ್ದವೊಂದು ನಮ್ಮಲ್ಲಿಯೂ ಉಂಟು: 'ಗ್ಯಾಸು'. ಎದೆಯನ್ನು ಒತ್ತಿಕೊಂಡು ಬೆವರುತ್ತ ಬಂದ ಗೃಹಸ್ಥನು ಗ್ಯಾಸು ತುಂಬಿದೆಯೆನ್ನುತ್ತಾನೆ. ಹೃದಯಾಘಾತದ ನೋವು ಹೊಟ್ಟೆಯ ಮೇಲ್ಭಾಗದ ಉರಿಯಂತೆ ತೋರುವುದುಂಟೆಂಬುದು ವೈದ್ಯರಿಗೆ ತಿಳಿಯದ ಸಂಗತಿಯಲ್ಲ. ಆದರೂ ಹೊರರೋಗಿಗಳ ನೂಕುನುಗ್ಗಲಿನಲ್ಲಿ ರೋಗಿಯ ಶಬ್ದವೇ ರೋಗನಿದಾನವಾಗಿ, ಗುಳಿಗೆಯೊಡನೆ ಆತನು ಮನೆಗೆ ಮರಳುವ ಅಪಾಯವಿದೆ. ಇನ್ನೆರಡು ಪ್ರಶ್ನೆ ಕೇಳಿದ್ದರೆ ಇ.ಸಿ.ಜಿ. ತೆಗೆಸಬೇಕೆಂದು ತೋರುತ್ತಿತ್ತು.

ಔಷಧದ ಮಾತಂತೂ ಇನ್ನೂ ಸೂಕ್ಷ್ಮವಾದುದು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ದಿನವೂ ನುಂಗಿದರೆ ಎಲುಬಿನ ಮಜ್ಜೆ ಕುಂದಿ ಪ್ರಾಣಕ್ಕೇ ಮುಳುವಾಗುತ್ತದೆ. ಈ ಒಂದು ತಪ್ಪಿನಿಂದ ಹಲವು ದೇಶಗಳಲ್ಲಿ ಸಾವುಗಳು ಸಂಭವಿಸಿವೆ. ಇಂಗ್ಲಿಷ್ ಚೀಟಿಯನ್ನು ಓದಲಾರದ ಮುದುಕಿಗೆ ಔಷಧದಂಗಡಿಯ ಹುಡುಗನು ಅವಸರದಲ್ಲಿ "ಒಂದೊಂದು ತಗೊಳ್ಳಿ ಅಜ್ಜಿ" ಎಂದುಬಿಟ್ಟರೆ ಗತಿಯೇನು? ಆಕೆ ಮರಳಿ ಕೇಳುವವಳಲ್ಲ. ದೊಡ್ಡವರು ಹೇಳಿದಮೇಲೆ ಇನ್ನೊಮ್ಮೆ ಕೇಳುವುದು ಉದ್ಧಟತನವೆಂದು ನಮ್ಮ ಜನ ತಿಳಿದಿದ್ದಾರೆ. ತಿಳಿಯಿತೇ ಎಂದರೆ 'ಹೂಂ' ಎಂದು ತಲೆಯಾಡಿಸುತ್ತಾರೆ. ಆ 'ಹೂಂ' ಎಂಬುದಕ್ಕೆ ಸಾಕ್ಷ್ಯದ ಬೆಲೆಯಿಲ್ಲ. (ವಿದ್ಯಾವಂತರೆನಿಸಿದ ನಾವೂ ಬಿಳಿಯ ಅಂಗಿಯ ಮುಂದೆ ಹಾಗೆಯೇ ತಲೆಯಾಡಿಸಿದ್ದೇವೆ.)

ಸರಕಾರಿ ಆಸ್ಪತ್ರೆಗಳ ಔಷಧ ಚೀಟಿಗಳು ಕನ್ನಡದಲ್ಲಿರಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರವು 2024ರಲ್ಲಿ ಆರೋಗ್ಯ ಸಚಿವರನ್ನು ಕೋರಿತು. ಕೋರಿಕೆಯ ಉದ್ದೇಶವನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಔಷಧದ ಹೆಸರು ಯಾವ ಲಿಪಿಯಲ್ಲಿದೆಯೆಂಬುದಕ್ಕಿಂತ ಅದು ಓದಲು ಬರುವಂತಿದೆಯೇ ಎಂಬುದು ಮುಖ್ಯ. ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂಬ ನಿಯಮವನ್ನು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿಯೇ ವಿಧಿಸಿತ್ತು. ಕನ್ನಡದಲ್ಲಿ ಇರಲೇಬೇಕಾದುದು ಎಷ್ಟು, ಯಾವಾಗ, ಎಷ್ಟು ದಿನ, ಏನಾದರೆ ನಿಲ್ಲಿಸಬೇಕು ಎಂಬ ಸೂಚನೆ. ಬೀದರಿನ ಮರಾಠಿಯವರಿಗೆ, ಕಲಬುರಗಿಯ ಉರ್ದುವಿನವರಿಗೆ, ಮಂಗಳೂರಿನ ತುಳುವರಿಗೆ ಅವರವರ ಮಾತಿನಲ್ಲಿ ಬಾಯಿಬಿಟ್ಟು ಹೇಳುವವರೂ ಬೇಕು. ಕನ್ನಡದ ಅಭಿಮಾನವು ಇನ್ನೊಬ್ಬ ರೋಗಿಯನ್ನು ಮೂಕನನ್ನಾಗಿ ಮಾಡುವುದು ನಮಗೆ ಸಮ್ಮತವಲ್ಲ. ಹೊರ ಪ್ರಾಂತಗಳಿಂದ ಬಂದು ಹಗಲಿರುಳು ದುಡಿಯುವ ದಾದಿಯರನ್ನು ದೂಷಿಸುವುದೂ ನ್ಯಾಯವಲ್ಲ. ಅವರಿಗೆ ಈ ನಾಡಿನ ಮಾತನ್ನು ಕಲಿಸುವ ಹೊಣೆ ಕೆಲಸ ಕೊಟ್ಟವರದು.

ಒಬ್ಬೊಬ್ಬ ರೋಗಿಯೊಡನೆ ಇಷ್ಟು ಮಾತನಾಡಲು ಪುರಸೊತ್ತೆಲ್ಲಿ ಎಂದು ವೈದ್ಯಮಹಾಶಯರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಒಂದು ತಪಾಸಣಾ ಪಟ್ಟಿಯನ್ನು ಹೊರಡಿಸಿತು. ಅರಿವಳಿಕೆ ಕೊಡುವ ಮೊದಲು ಹೆಸರೇನು, ಯಾವ ಶಸ್ತ್ರಕ್ರಿಯೆ, ದೇಹದ ಯಾವ ಭಾಗಕ್ಕೆ ಎಂಬುದನ್ನು ರೋಗಿಯ ಬಾಯಿಂದಲೇ ದೃಢಪಡಿಸಿಕೊಳ್ಳುವುದು ಅದರ ಮೊದಲನೆಯ ಅಂಶ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದುದಾಗಿ 2009ರಲ್ಲಿ ಪ್ರಕಟವಾಯಿತು. ಪಟ್ಟಿಯನ್ನು ಓದಿ ಮುಗಿಸಲು ಹಿಡಿಯುವುದು ಕೆಲವೇ ನಿಮಿಷಗಳು.

ಆರೋಗ್ಯ ಇಲಾಖೆಯವರು ಈ ಸುಧಾರಣೆಯನ್ನು ಜಿಲ್ಲಾ ಆಸ್ಪತ್ರೆಗಳ ಔಷಧ ವಿತರಣೆಯ ಕಿಟಕಿಯಿಂದಲೇ ಆರಂಭಿಸಲಿ. ತಿಳಿಯಿತೇ ಎಂದು ಕೇಳುವ ಬದಲು, ಮನೆಗೆ ಹೋಗಿ ಈ ಗುಳಿಗೆಯನ್ನು ಹೇಗೆ ತೆಗೆದುಕೊಳ್ಳುವಿರಿ, ನೀವೇ ಹೇಳಿ ಎಂದು ಕೇಳತಕ್ಕದ್ದು. ಉತ್ತರ ತಪ್ಪಾದರೆ ಮತ್ತೊಮ್ಮೆ ವಿವರಿಸದೆ ಔಷಧವನ್ನು ಕೈಗೆ ಕೊಡಕೂಡದು. ಇದಕ್ಕೆ ಬೇಕಾದುದು ಒಂದು ಆಜ್ಞೆ, ಮತ್ತು ಕಿಟಕಿಯ ಹಿಂದೆ ಇನ್ನೊಬ್ಬ ನೌಕರ.