ಸೀಸ ತಿನ್ನಿಸಿದವರು ಯಾರು?

"ನಿಮ್ಮ ಕೇರಿ ಮಕ್ಕಳ ತಲೆಗೆ ವಿದ್ಯೆ ಹತ್ತಲ್ಲ ಕಣೋ." ಹಾಸ್ಟೆಲ್ಲಿಗೆ ಬಂದ ನಮ್ಮಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಹಣೆಬರಹ ಅಂದರು, ಹುಟ್ಟುಗುಣ ಅಂದರು. ಮಗುವಿನ ಹೊಟ್ಟೆಗೆ ಏನು ಹೋಗಿದೆ ಅಂತ ಕೇಳಿದವರಿಲ್ಲ.

ಗೆಳೆಯರೇ, ಸೀಸ ಎಂಬ ಲೋಹ ಹಳೇ ಬಣ್ಣದ ಚಕ್ಕೆಯಲ್ಲಿದೆ, ಗಾಡಿಯ ಬ್ಯಾಟರಿಯಲ್ಲಿದೆ, ಬ್ಯಾಟರಿ ಒಡೆದು ಕರಗಿಸುವ ಜಾಗದ ಮಣ್ಣಿನಲ್ಲಿದೆ. ನೆಲದಲ್ಲಿ ಆಡಿ ಕೈ ಬಾಯಿಗಿಟ್ಟುಕೊಳ್ಳುವ ಮಗುವಿನ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರುತ್ತದೆ. ಹಸಿದ ಹೊಟ್ಟೆ ಇನ್ನೂ ಹೆಚ್ಚು ಹೀರುತ್ತದೆ. ಬೆಳೆಯುವ ಮಿದುಳಿಗೆ ಅದು ಕೇಡು. ಎಷ್ಟೋ ಸಲ ಹೊರಗೆ ಏನೂ ಕಾಣಲ್ಲ. ರಕ್ತ ಪರೀಕ್ಷೆ ಮಾಡಿಸದೆ ಗೊತ್ತಾಗಲ್ಲ. ತೀರಾ ಹೆಚ್ಚಾದರೆ ಸೀಸ ಇಳಿಸುವ ಔಷಧಿ ಇದೆ. ಕೆಟ್ಟ ಮಿದುಳನ್ನು ಸರಿಮಾಡುವ ಔಷಧಿ ಇಲ್ಲ. ಇಷ್ಟಿದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲೇ ತಡೆಯುವುದೊಂದೇ ದಾರಿ.

ತಡೆಯುವವರು ಯಾರು? ಬರೀ ಕಾನೂನು ತಡೆಯುತ್ತದೆಯೇ? ಅಮೆರಿಕದ ಒಂದು ಕತೆ ಕೇಳಿ. ಮನೆಯೊಳಗೆ ಸೀಸದ ಬಣ್ಣ ಬಳಿಯಬಾರದು ಅಂತ ನ್ಯೂಯಾರ್ಕ್ ನಗರ 1960ರಲ್ಲೇ ಕಾನೂನು ಮಾಡಿತು. ಬಡವರ ಬಾಡಿಗೆ ಮನೆಗಳ ಹಳೇ ಗೋಡೆಗಳು ಹಾಗೇ ಉಳಿದವು. ಉದುರಿದ ಚಕ್ಕೆಗೆ ಸಿಹಿ ರುಚಿ. ಕಪ್ಪು ಜನರ, ಪೋರ್ಟೊರಿಕೊದವರ ಮಕ್ಕಳು ತಿಂದರು. 1969ರಲ್ಲಿ ಯಂಗ್ ಲಾರ್ಡ್ಸ್ ಎಂಬ ಪೋರ್ಟೊರಿಕೊ ಯುವಕ ಯುವತಿಯರ ಸಂಘಟನೆ ಆರೋಗ್ಯ ಇಲಾಖೆಯಲ್ಲಿ ಧರಣಿ ಕೂತು ಪರೀಕ್ಷೆಯ ಸಾಮಾನು ಕೇಳಿ ಪಡೆಯಿತು. ಈಸ್ಟ್ ಹಾರ್ಲೆಮ್ಮಿನ ಮನೆ ಮನೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸಿತು. ಮರುವರ್ಷ ನಗರವೇ ಸೀಸದ ವಿಷ ತಡೆಯಲು ಒಂದು ವಿಭಾಗ ತೆರೆಯಿತು. ಆ ಹುಡುಗರಿಗೆ ಮಾದರಿ ಬ್ಲ್ಯಾಕ್ ಪ್ಯಾಂಥರ್ಸ್. 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ಸ್ ತಮ್ಮ ಹೆಸರು ಪಡೆದದ್ದೂ ಅವರಿಂದಲೇ.

ನಮ್ಮಲ್ಲಿ? 2000ದಲ್ಲಿ ಸೀಸದ ಪೆಟ್ರೋಲ್ ಹೋಯಿತು. ಮನೆಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90ಕ್ಕಿಂತ ಹೆಚ್ಚು ಸೀಸ ಇರಕೂಡದು ಎಂಬ ನಿಯಮ 2017ರಲ್ಲಿ ಜಾರಿಗೆ ಬಂತು. ಆದರೂ 2020ರ ಯುನಿಸೆಫ್ ವರದಿಯ ಅಂದಾಜಿನಲ್ಲಿ, ರಕ್ತದಲ್ಲಿ ಸೀಸ ಮಿತಿಮೀರಿದ ಮಕ್ಕಳು ಭಾರತದಲ್ಲೇ 27 ಕೋಟಿಗೂ ಹೆಚ್ಚು. ಬ್ಯಾಟರಿಗೂ ನಿಯಮ ಇದೆ. ಗುಜರಿ ಶೆಡ್ಡಿನಲ್ಲಿ ಬ್ಯಾಟರಿ ಒಡೆಯುವ ಅಪ್ಪ ಮಾತ್ರ ಅಂಗಿಯ ತುಂಬ ಸೀಸದ ಧೂಳು ಹೊತ್ತು ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ. ಆ ಅಪ್ಪನನ್ನು ಬೈಬೇಡಿ. ಬದಲಿ ಬಟ್ಟೆ, ಸ್ನಾನದ ನೀರು ಕೊಡದ ಮಾಲೀಕನನ್ನು ಕೇಳಿ.

ಒಂದು ಎಚ್ಚರ. ಸೀಸ ತಿಂದ ಮಕ್ಕಳು, ಇವರು ಇಷ್ಟೇ ಅನ್ನೋರು ನಾಳೆ ಬರ್ತಾರೆ. ಆ ಮಾತಿಗೂ ತಲೆ ಬಾಗಬೇಡಿ. ಸೀಸ ತಗುಲಿದ ಮಗುವಿಗೆ ಹೆಚ್ಚು ಹಾಲು, ಹೆಚ್ಚು ಸೊಪ್ಪು, ಹೆಚ್ಚು ಪಾಠ ಬೇಕು, ಬೈಗುಳ ಬೇಕಾಗಿಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ, ಹೊರಗಿಂದ ಹಾಕಿದ್ದು. ಹಾಕುವ ಕೈಯನ್ನು ಹಿಡಿಯಬಹುದು.

ಈ ರಜೆಗೆ ಊರಿಗೆ ಹೋದಾಗ ಕೇರಿ ಸುತ್ತ ಒಮ್ಮೆ ನೋಡಿ ಬನ್ನಿ. ಬ್ಯಾಟರಿ ಎಲ್ಲಿ ಒಡೆಯುತ್ತಾರೆ? ಅಂಗನವಾಡಿಯ ಗೋಡೆಯ ಬಣ್ಣ ಉದುರುತ್ತಿದೆಯೇ? ಬರೆದುಕೊಳ್ಳಿ. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ ಅಂತ ಜಿಲ್ಲಾ ಆಸ್ಪತ್ರೆಗೆ ಅರ್ಜಿ ಕೊಡಿ. ಉತ್ತರ ಬರದಿದ್ದರೆ ಅದೇ ಬಾಗಿಲಲ್ಲಿ ಕೂರೋಣ.