ಏನೂ ಆಗಂಗಿಲ್ರೀ ಸರ

"ಫ್ಯೂಸ್ ಯಾಕ್ರೀ ಸರ? ಎಷ್ಟ್ ಗಾಡಿಗೆ ಹಿಂಗ ಹಾಕೇವಿ, ಏನೂ ಆಗಂಗಿಲ್ರೀ."

ತಾರಿಹಾಳದ ಬೈಪಾಸ್ ಹತ್ತಿರದ ಅಂಗಡಿಯೊಂದರಲ್ಲಿ ಕಾರಿಗೆ ಎರಡು ಫಾಗ್ ಲ್ಯಾಂಪ್ ಹಾಕಿಸಲು ಹೋದಾಗ ಸಿಕ್ಕ ಉತ್ತರ. ಆ ಹುಡುಗನ ತಪ್ಪು ಅಂತ ನಾನು ಹೇಳಲ್ಲ. ಕೇಳುವ ಗಿರಾಕಿಯೇ ಇಲ್ಲದಿದ್ದರೆ ಅವನ್ಯಾಕೆ ಹಾಕ್ತಾನೆ? ಲ್ಯೂಮೆನ್, ಕೆಲ್ವಿನ್ ಅಂತ ರಾತ್ರಿಯಿಡೀ ವಿಡಿಯೋ ನೋಡುವ ನಮ್ಮಂಥ ಇಂಜಿನಿಯರುಗಳು, ಬ್ಯಾಟರಿಯಿಂದ ವೈರು ಹೇಗೆ ಬಂದಿದೆ ಅಂತ ಒಮ್ಮೆ ಬಾನೆಟ್ ಎತ್ತಿ ನೋಡಲ್ಲ. 2024ರ ಜುಲೈ 1ರಿಂದ ಕಣ್ಣು ಕುಕ್ಕುವ ಎಲ್‌ಇಡಿ ಲೈಟಿಗೆ ಕೇಸು ಅಂತ ರಾಜ್ಯದ ಪೊಲೀಸರು ಹೇಳಿದಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ದಂಡ ಎಷ್ಟು ಅನ್ನೋದೇ ಚರ್ಚೆ. ವೈರಿನ ಸುದ್ದಿ ಒಬ್ಬನೂ ಎತ್ತಲಿಲ್ಲ.

ಫ್ಯೂಸ್ ಇರೋದು ಲೈಟ್ ಕಾಯಲಿಕ್ಕಲ್ಲ, ವೈರ್ ಕಾಯಲಿಕ್ಕೆ. 55 ವ್ಯಾಟಿನ ಎರಡು ಹ್ಯಾಲೊಜನ್ ಅಂದ್ರೆ 110 ವ್ಯಾಟ್. 12 ವೋಲ್ಟಿಗೆ ಸುಮಾರು 9 ಆಂಪಿಯರ್. ಅದಕ್ಕೆ 15 ಆಂಪಿಯರಿನ ನೀಲಿ ಫ್ಯೂಸ್, 2.5 ಚದರ ಮಿಲಿಮೀಟರ್ ವೈರ್, ಸ್ವಿಚ್ಚಿನ ಮೇಲೆ ಭಾರ ಬೀಳದಂತೆ ಒಂದು ರಿಲೇ. ಇಷ್ಟೇ. ವೈರು ತಗಡಿಗೆ ಉಜ್ಜಿ ಉಜ್ಜಿ ಸಿಪ್ಪೆ ಹರಿದು ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ತಳ್ಳುತ್ತೆ. ಫ್ಯೂಸ್ ಇಲ್ಲ ಅಂದ್ರೆ ಆ ವೈರೇ ಸುಡಬೇಕು. "12 ವೋಲ್ಟ್ ಅಲ್ವಾ ಗುರು, ಶಾಕ್ ಹೊಡೆಯಲ್ಲ" ಅಂತಾನೆ ನನ್ನ ಸಹೋದ್ಯೋಗಿ. ಶಾಕ್ ಹೊಡೆಯಲ್ಲ, ನಿಜ. ಬೆಂಕಿ ಹಚ್ಚಲು 12 ಧಾರಾಳ ಸಾಕು.

ಇನ್ನು ಕೆಲವರು ಫ್ಯೂಸನ್ನು ಸ್ವಿಚ್ಚಿನ ಪಕ್ಕ, ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸ್ತಾರೆ. ಆಗ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲು ಯಾರು? ಅದು ಬ್ಯಾಟರಿಯ ಪ್ಲಸ್ಸಿನಿಂದ ಗೇಣಿನೊಳಗೆ ಇರಬೇಕು.

ನಮ್ಮೂರಲ್ಲಿ ಪಂಪ್‌ಸೆಟ್ಟಿನ ಫ್ಯೂಸ್ ಮತ್ತೆ ಮತ್ತೆ ಹೋದರೆ ದಪ್ಪ ತಾಮ್ರದ ತಂತಿ ಸುತ್ತಿಬಿಡುತ್ತಿದ್ದರು. ಆಮೇಲೆ ಮೋಟಾರೇ ಸುಟ್ಟು, ರಿವೈಂಡಿಂಗಿಗೆ ಅಂತ ಹುಬ್ಬಳ್ಳಿಗೆ ಹೊರಡುತ್ತಿತ್ತು. ಆದರೆ ಅವರಿಗೊಂದು ಕಾರಣವಿತ್ತು: ತ್ರೀ ಫೇಸ್ ಕರೆಂಟ್ ರಾತ್ರಿ ಕೆಲವೇ ತಾಸು, ಬೆಳೆ ಒಣಗುತ್ತಿತ್ತು. ಬಿಇ ಓದಿ, ಇಎಂಐ ಕಟ್ಟಿ, ಭಾನುವಾರ ಪುರುಸೊತ್ತಾಗಿ ಲೈಟ್ ಹಾಕಿಸುವ ನಮಗೆ ಯಾವ ಅವಸರ?

ಹಟ ಹಿಡಿದು ಕೂತೆ. ಹುಡುಗ ಪಕ್ಕದ ಅಂಗಡಿಯಿಂದ ಫ್ಯೂಸ್ ಹೋಲ್ಡರ್ ತಂದ, ನೀಟಾಗಿಯೇ ಹಾಕಿದ. ದುಡ್ಡು ಎಣಿಸಿಕೊಳ್ಳುತ್ತಾ ಅಂದ: "ಇದು ಸುಟ್ರ 30ರದ್ದು ಹಾಕ್ಕೊಂಡ್ಬಿಡ್ರಿ ಸರ. ಮತ್ತ ಹೋಗೂದಿಲ್ಲ."